ಬೆಡ್ಲಂ ಮಸಣದಲ್ಲಿ ಮಲಗಿದ್ದವರು ಯಾರು?

ಮಾನ್ಯ ಸಂಪಾದಕರೇ,

ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ರೈಲು ನಿಲ್ದಾಣದ ಬಳಿ ನೆಲದಡಿ ಸಿಕ್ಕ ಅಸ್ಥಿಪಂಜರಗಳ ಕುರಿತು ಭಾನುವಾರದ ಪುರವಣಿಯಲ್ಲಿ ಬಂದ ಬರಹವನ್ನು ಆಸಕ್ತಿಯಿಂದ ಓದಿದೆ. ಬರಹದ ಬಗ್ಗೆ ದೂರಿಲ್ಲ. ನನ್ನ ತಕರಾರು ‘ಹುಚ್ಚಾಸ್ಪತ್ರೆಯ ಮೂರು ಸಾವಿರ ಹೆಣಗಳು’ ಎಂಬ ತಲೆಬರಹದ ಮೇಲೆ. ಅಲ್ಲಿ ಮಲಗಿದ್ದವರಲ್ಲಿ ಬಹುಪಾಲು ಜನ ಬೆಡ್ಲಂ ಎಂಬ ಆ ಮನೋರೋಗಿಗಳ ಆಸ್ಪತ್ರೆಯ ಹೊಸ್ತಿಲನ್ನೂ ತುಳಿದವರಲ್ಲ.

ಗೊಂದಲಕ್ಕೆ ಕಾರಣ ಹೆಸರು. 1247ರಲ್ಲಿ ಲಂಡನ್ನಿನ ಕೋಟೆಗೋಡೆಯ ಹೊರಗೆ ಬೆತ್ಲೆಹೆಮ್‌ನ ಸಂತ ಮೇರಿಯ ಹೆಸರಿನಲ್ಲಿ ಒಂದು ಕ್ರೈಸ್ತ ಮಠ ಹುಟ್ಟಿತು. ಅದು ಮನೋರೋಗಿಗಳಿಗೆಂದು ಕಟ್ಟಿದ್ದಲ್ಲ, ಕಾಲಕ್ರಮದಲ್ಲಿ ಆಸ್ಪತ್ರೆಯಾಯಿತು. 1403ರಲ್ಲಿ ತನಿಖೆಗೆ ಬಂದವರು ಬುದ್ಧಿ ಸ್ವಾಧೀನದಲ್ಲಿಲ್ಲದ ಆರು ಗಂಡಸರು ಅಲ್ಲಿದ್ದುದನ್ನು ಬರೆದಿಟ್ಟಿದ್ದಾರೆ. ಬೆತ್ಲೆಹೆಮ್ ಎಂಬುದು ಜನರ ಬಾಯಲ್ಲಿ ಸವೆದು ಬೆಡ್ಲಂ ಆಯಿತು. ಗದ್ದಲಕ್ಕೆ ಇಂಗ್ಲಿಷಿನಲ್ಲಿ ಇರುವ ಆ ಪದದ ಮೂಲ ಇದೇ.

ಮಸಣದ ಕತೆ ಬೇರೆ. ಊರೊಳಗಿನ ಚರ್ಚುಗಳ ಅಂಗಳದಲ್ಲಿ ಹೂಳಲು ಜಾಗ ಸಾಲದಾದಾಗ, 1569ರಲ್ಲಿ ನಗರಾಡಳಿತವು ಆಸ್ಪತ್ರೆಗೆ ಸೇರಿದ ಸುಮಾರು ಒಂದು ಎಕರೆ ನೆಲವನ್ನು ಇದಕ್ಕಾಗಿ ಬಿಡಿಸಿತು. ಅದರ ನಿಜವಾದ ಹೆಸರು ನ್ಯೂ ಚರ್ಚ್‌ಯಾರ್ಡ್. ಪಕ್ಕದಲ್ಲಿ ಬೆಡ್ಲಂ ಇದ್ದುದರಿಂದ ಜನ ಅದನ್ನೂ ಬೆಡ್ಲಂ ಎಂದರು, ಅಷ್ಟೆ. ನಮ್ಮ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವವರೆಲ್ಲ ಮೆಜೆಸ್ಟಿಕ್ ಟಾಕೀಸಿನಲ್ಲಿ ಸಿನಿಮಾ ನೋಡಿ ಬಂದವರು ಎಂದು ಯಾರಾದರೂ ಬರೆದರೆ ನಾವು ನಗುವುದಿಲ್ಲವೇ? ಇನ್ನೊಂದು ಮಾತು. ಆಸ್ಪತ್ರೆ 1676ರಲ್ಲೇ ಅಲ್ಲಿಂದ ಮೂರ್‌ಫೀಲ್ಡ್ಸ್‌ಗೆ ಹೊರಟುಹೋಯಿತು. ಮಸಣದಲ್ಲಿ ಮಾತ್ರ ಅದಾದ ಮೇಲೂ ಅರವತ್ತಕ್ಕೂ ಹೆಚ್ಚು ವರ್ಷ, 1739ರವರೆಗೆ, ಗುಂಡಿ ತೋಡುತ್ತಲೇ ಇದ್ದರು.

ಹಾಗಾದರೆ ಅಲ್ಲಿದ್ದವರು ಯಾರು? ಅದು ಯಾವ ಚರ್ಚಿಗೂ ಸೇರದ ಮಸಣ. ಬಡವರು, ಹೊರಗಿನಿಂದ ಬಂದು ಲಂಡನ್ನಿನಲ್ಲಿ ನೆಲೆಸಿದವರು, ಚರ್ಚಿನ ಕಟ್ಟಳೆ ಒಪ್ಪದವರು ಅಲ್ಲಿ ಸೇರಿದರು. ದೊರೆಯನ್ನೂ ಬಿಡದೆ, ದೊರೆಯನ್ನು ಕೆಳಗಿಳಿಸಿ ಆಳಿದ ಕ್ರಾಮ್‌ವೆಲ್‌ನನ್ನೂ ಬಿಡದೆ ಎದುರುಹಾಕಿಕೊಂಡು ಜೈಲು ಸುತ್ತಿದ ಜಾನ್ ಲಿಲ್ಬರ್ನ್‌ನನ್ನು 1657ರಲ್ಲಿ ಮಣ್ಣು ಮಾಡಿದ್ದು ಇಲ್ಲೇ. ಆಸ್ಪತ್ರೆಯ ಕೆಲವು ರೋಗಿಗಳೂ ಇದ್ದಿರಬಹುದು. ಆದರೆ ಅಗೆದು ತೆಗೆಯದೆ ಉಳಿದವೂ ಸೇರಿ ಅಲ್ಲಿ ಹೂತ ಒಟ್ಟು ಸುಮಾರು 25 ಸಾವಿರ ಶವಗಳ ನಡುವೆ ಅವರದು ಎಷ್ಟು ಪಾಲು!

ಕ್ರಾಸ್‌ರೈಲ್ ಎಂಬ ಹೊಸ ರೈಲುಮಾರ್ಗದ ಕಾಮಗಾರಿಗಾಗಿ 2015ರಲ್ಲಿ ನಡೆದ ಉತ್ಖನನದಲ್ಲಿ ನನ್ನ ಮನಸ್ಸನ್ನು ಹಿಡಿದದ್ದು 42 ಜನರನ್ನು ಒಟ್ಟಿಗೆ ಹೂತಿದ್ದ ಗುಂಡಿ. ಪರೀಕ್ಷಿಸಿದ 20 ಮಂದಿಯಲ್ಲಿ ಐವರ ಹಲ್ಲುಗಳಲ್ಲಿ ಪ್ಲೇಗ್ ರೋಗಾಣುವಿನ ಡಿಎನ್‌ಎ ಸಿಕ್ಕಿತು. 1665ರ ಮಹಾಮಾರಿಗೆ ಅದು ನೇರ ಸಾಕ್ಷಿ. ಹಾಗೆಂದು ಅವರನ್ನು ತಂದು ಸುರಿದಿರಲಿಲ್ಲ. ಊರಿಗೆ ಊರೇ ಸಾಯುತ್ತಿದ್ದಾಗಲೂ ಪೆಟ್ಟಿಗೆ ಮಾಡಿಸಿ, ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಜೋಡಿಸಿ ಇಳಿಸಿದ್ದರು. ಮರ ಕೊಳೆತು ಮೂಳೆಗಳು ಒಂದರ ಮೇಲೊಂದು ಕುಸಿದಿದ್ದವು. ಪ್ಲೇಗ್ ಮಾರಮ್ಮನ ಗುಡಿಗಳಿರುವ ಬೆಂಗಳೂರಿನವರಿಗೆ ಇದು ದೂರದ ಸಂಗತಿಯಲ್ಲ. ಅದೇ ಜಾಗದಲ್ಲಿ ಮೇರಿ ಗಾಡ್‌ಫ್ರೀ ಎಂಬಾಕೆಯ ಕಲ್ಲೂ ಸಿಕ್ಕಿತು. 1665ರ ಸೆಪ್ಟೆಂಬರ್ 2ರಂದು ತೀರಿಕೊಂಡವಳು. ಮಸಣಕ್ಕೆ ತನ್ನದೇ ಆದ ಲೆಕ್ಕದ ಪುಸ್ತಕವಿರಲಿಲ್ಲ. ಹೀಗಾಗಿ ಸ್ವಯಂಸೇವಕರು ಚರ್ಚುಗಳ ಹಳೆಯ ದಫ್ತರಗಳನ್ನು ತಡಕಿ ಅಲ್ಲಿ ಹೂತ ಐದು ಸಾವಿರಕ್ಕೂ ಹೆಚ್ಚು ಜನರ ಹೆಸರು ಕೂಡಿಸಿದರು. ಇಷ್ಟು ಶ್ರಮಪಟ್ಟು ಹೆಸರು ಮರಳಿಸಿದ ಜನರಿಗೆ ನಾವು ಒಂದೇ ಪದದಲ್ಲಿ ‘ಹುಚ್ಚರು’ ಎಂಬ ಹಣೆಪಟ್ಟಿ ಹಚ್ಚಿದ್ದೇವೆ.

ಪದದ ಮಾತು ಬಂದದ್ದರಿಂದ ಹೇಳುತ್ತೇನೆ. 1847ರಲ್ಲಿ ಹುಟ್ಟಿದ ಬೆಂಗಳೂರಿನ ಲುನಾಟಿಕ್ ಅಸೈಲಂಗೆ (ಎಂದರೆ ಹುಚ್ಚಾಸ್ಪತ್ರೆಗೆ) ಮೈಸೂರು ಸರ್ಕಾರ 1925ರಲ್ಲೇ ಮೆಂಟಲ್ ಹಾಸ್ಪಿಟಲ್ ಎಂದು ಹೆಸರು ಬದಲಿಸಿತು. ಇಂದಿನ ನಿಮ್ಹಾನ್ಸ್‌ನ ಮೂಲ ಅದು. ಅಂದಿನ ಅಧಿಕಾರಿಗಳಿಗೆ ಸರಿಯಿಲ್ಲವೆನಿಸಿದ ಮಾತು ಇಂದಿನ ಸುದ್ದಿಮನೆಗೆ ಹೇಗೆ ಸರಿಯೆನಿಸಿತು?

ಬೆಡ್ಲಂ ಆಸ್ಪತ್ರೆಯ ರೋಗಿಗಳ ಬಗ್ಗೆಯೇ ಬರೆಸುವ ಆಸೆಯಿದ್ದರೆ ಸಾಮಗ್ರಿಗೆ ಬರವಿಲ್ಲ. 1398ರ ಸಾಮಾನುಪಟ್ಟಿಯಲ್ಲಿ ನಾಲ್ಕು ಜೊತೆ ಕೈಕೋಳ, ಹನ್ನೊಂದು ಸರಪಳಿ, ಆರು ಬೀಗಗಳಿವೆ. ಮೂರ್‌ಫೀಲ್ಡ್ಸ್‌ನಲ್ಲಿ ವಿಜ್ಞಾನಿಯೂ ವಾಸ್ತುಶಿಲ್ಪಿಯೂ ಆದ ರಾಬರ್ಟ್ ಹುಕ್ ಅರಮನೆಯಂತೆ ಕಟ್ಟಿಸಿದ ಕಟ್ಟಡ, ಕೋಟೆಯ ಹಳೆಯ ಕಂದಕ ಮುಚ್ಚಿದ ನೆಲದ ಮೇಲೆ ನಿಂತು, ಗೋಡೆ ಬಿರಿದು ಹಾಳಾಯಿತು. ರೋಗಿಗಳನ್ನು ನೋಡಿ ಮಜಾ ಮಾಡಲು ಊರಿನವರನ್ನು ಅದರೊಳಗೆ ಬಿಡುತ್ತಿದ್ದುದು 1770ರವರೆಗೂ ನಡೆಯಿತು. ಅದನ್ನು ಬರೆಸಿ. ಅದಕ್ಕೂ ಮೊದಲು, ಆ ತಲೆಬರಹಕ್ಕೊಂದು ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ಒಬ್ಬ ನಿವೃತ್ತ ಇತಿಹಾಸ ಅಧ್ಯಾಪಕ
ಬೆಂಗಳೂರು