ಗೆಳೆಯನಿಗೊಂದು ಪತ್ರ: ಪರ್ಸ್ ಜಾರಿದ್ದು ಗೊತ್ತೇ ಆಗಲಿಲ್ಲ

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಸ್ತನ ತೆಗೆಸಿದ ಮೇಲೆ ಆಪರೇಶನ್ ಮಾಡಿಸಿ ಎದೆ ಮತ್ತೆ ಕಟ್ಟಿಸಿಕೊಂಡೆಯಲ್ಲ, ಈಗ ಮೊದಲಿನ ಹಾಗೇ ಇದೆಯಾ?" ಅಂತ. ಪಕ್ಕದಲ್ಲಿ ನಮ್ಮತ್ತೆ ಕೂತಿದ್ದರು. "ಹ್ಞೂಂ, ಚೆನ್ನಾಗಿದೆ" ಅಂದುಬಿಟ್ಟೆ. ಅದು ಅರ್ಧ ಮಾತು. ಮುಂದಿನ ತಿಂಗಳು ನಿನ್ನ ಹೆಂಡತಿಗೂ ಅದೇ ಆಪರೇಶನ್ ಇರುವಾಗ ಉಳಿದರ್ಧ ನುಂಗಿಕೊಳ್ಳುವುದು ಸರಿ ಅನ್ನಿಸಲಿಲ್ಲ. ಗಂಡಸಿಗೆ ಇದನ್ನು ಹೇಗೆ ಬರೆಯುವುದು ಅಂತ ಎರಡು ದಿನ ಒದ್ದಾಡಿದೆ. ಮಾನಸಗಂಗೋತ್ರಿಯಲ್ಲಿ ಓದುವಾಗ ನಾವು ಮಾತಾಡದೆ ಬಿಟ್ಟ ವಿಷಯ ಯಾವುದು, ಈಗೇನು ಸಂಕೋಚ ಅಲ್ವಾ?

ನೋಡುವುದಕ್ಕೆ ಚೆನ್ನಾಗಿಯೇ ಇದೆ ಕಣೋ. ರವಿಕೆ ಸರಿಯಾಗಿ ಕೂರುತ್ತದೆ. ಆದರೆ ಮುಟ್ಟಿದರೆ ಗೊತ್ತಾಗುವುದಿಲ್ಲ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟಾಗ ತುಟಿ ಮರಗಟ್ಟುತ್ತದಲ್ಲ, ಹಾಗೆ. ತುಟಿ ಸಂಜೆಗೆ ಸರಿಹೋಗುತ್ತದೆ. ಇದಕ್ಕೆ ಮೂರು ವರ್ಷವಾಯಿತು.

ಸರಿಯಾಗಿ ಅರಿವಾದದ್ದು ದೇವರಾಜ ಮಾರ್ಕೆಟ್ಟಿನಲ್ಲಿ. ಚಿಲ್ಲರೆ ಪರ್ಸನ್ನು ರವಿಕೆಯೊಳಗೆ ಸಿಕ್ಕಿಸಿಕೊಳ್ಳುವುದು ನನಗೆ ಅಮ್ಮನಿಂದ ಬಂದ ಅಭ್ಯಾಸ. ಎರಡು ಮೊಳ ಮಲ್ಲಿಗೆ ಅಳೆಸಿ ಕೈ ಹಾಕಿದರೆ ಪರ್ಸೇ ಇಲ್ಲ. ಎಲ್ಲಿ ಜಾರಿತೋ. "ನಾಳೆ ಕೊಡಿ ಅಕ್ಕ" ಅಂದಳು ಹೂವಿನವಳು. 300 ರೂಪಾಯಿ ಹೋದದ್ದಕ್ಕಲ್ಲ, ಜಾರುವಾಗ ನನ್ನ ಮೈಗೇ ಗೊತ್ತಾಗಲಿಲ್ಲವಲ್ಲ ಅಂತ ಅಲ್ಲೇ ಅಳು ಬಂತು. ಹೂವಿನವಳು ದುಡ್ಡಿಗೆ ಅಳುತ್ತಿದ್ದೇನೆ ಅಂದುಕೊಂಡು ಇನ್ನೊಂದು ಮೊಳ ಸೇರಿಸಿ ಕೊಟ್ಟಳು!

ಆಮೇಲೆ ಡಿಸೆಂಬರ್ ಚಳಿಯಲ್ಲಿ ಬಿಸಿನೀರಿನ ಚೀಲ ತಬ್ಬಿಕೊಂಡು ಮಲಗಿದೆ. ಬೆಳಿಗ್ಗೆ ಸ್ನಾನಕ್ಕೆ ಹೋಗಿ ನೋಡಿದರೆ ಬೊಬ್ಬೆ ಎದ್ದಿದೆ. ಸ್ವಲ್ಪವೂ ಉರಿಯಲಿಲ್ಲ. ನಿಮ್ಮ ಮನೆಯಲ್ಲಿ ಅಂಥ ಚೀಲ ಇದ್ದರೆ ನಿನ್ನ ಹೆಂಡತಿಯ ಕೈಗೆ ಸಿಗದ ಹಾಗೆ ಇಡು. ಇನ್ನೊಂದು ವಿಚಿತ್ರ: ಇಲ್ಲದ ತೊಟ್ಟು ತುರಿಸುತ್ತದೆ. ಕೆರೆದರೆ ಬೆರಳಿಗೆ ಗೊತ್ತಾಗುತ್ತದೆ, ತುರಿಕೆಗೆ ಗೊತ್ತಾಗುವುದಿಲ್ಲ.

ಯಾಕೆ ಹೀಗೆ ಅಂತ ಡಾಕ್ಟರು ಚಿತ್ರ ಬರೆದು ತೋರಿಸಿದರು, ಎಲ್ಲ ಮುಗಿದ ಮೇಲೆ. ಪಕ್ಕೆಲುಬುಗಳ ಸಂದಿಯಿಂದ ಸಣ್ಣ ನರಗಳು ಹೊರಟು ಎದೆಯ ಚರ್ಮಕ್ಕೆ ಹರಡುತ್ತವೆ. ತೊಟ್ಟಿಗೆ ಮುಖ್ಯವಾಗಿ ನಾಲ್ಕನೆಯದು. ಸ್ತನ ತೆಗೆಯುವಾಗ ಅವು ಸಾಮಾನ್ಯವಾಗಿ ಕತ್ತರಿಸಿಹೋಗುತ್ತವೆ. ತೊಟ್ಟನ್ನು ಉಳಿಸಿಕೊಂಡವರಿಗೂ ಎಷ್ಟೋ ಸಲ ಅದರ ಸ್ಪರ್ಶ ಉಳಿಯುವುದಿಲ್ಲ. ನನಗೆ ಹೊಟ್ಟೆಯ ಚರ್ಮ, ಕೊಬ್ಬು ತಂದು ಕಟ್ಟಿದರು. ಮೈಕ್ರೋಸ್ಕೋಪಿನಲ್ಲಿ ನೋಡಿಕೊಂಡು ರಕ್ತನಾಳ ಹೊಲಿದರು. ನರ ಹೊಲಿಯಲಿಲ್ಲ. ಅದನ್ನೂ ಜೋಡಿಸುವ ಸರ್ಜನ್‌ಗಳು ಇದ್ದಾರೆ ಅನ್ನುವುದೇ ನನಗೆ ತಿಳಿದಿರಲಿಲ್ಲ. ಜೋಡಿಸಿದರೂ ಪೂರ್ತಿ ಮೊದಲಿನಂತಾಗುವುದಿಲ್ಲ. ಕತ್ತರಿಸಿದ ನರ ಬೆಳೆಯುವುದೇ ದಿನಕ್ಕೆ ಸುಮಾರು 1 ಮಿಲಿಮೀಟರ್. ನನಗೆ ಅಂಚಿನಲ್ಲಿ ಎರಡು ಬೆರಳಗಲ ಸ್ಪರ್ಶ ವಾಪಸ್ ಬಂದಿದೆ. ಅಲ್ಲಿ ಸೆರಗು ತಾಗಿದರೆ ಸಣ್ಣಗೆ ಕರೆಂಟ್ ಹೊಡೆದ ಹಾಗೆ.

ಸೈಜು, ಗಾಯದ ಗುರುತು, ಬಿಲ್ಲು, ಎಲ್ಲ ಮೊದಲೇ ಹೇಳಿದರು. ಇದೊಂದನ್ನು ಹೇಳಲಿಲ್ಲ. ಹೇಳಿದ್ದರೆ ಆಪರೇಶನ್ ಬೇಡ ಅನ್ನುತ್ತಿದ್ದೆನಾ? ಇಲ್ಲಪ್ಪ, ಜೀವ ಮೊದಲು. ಆದರೆ ಹಿಂದಿನ ರಾತ್ರಿ ಎದೆಯ ಮೇಲೆ ಬಿಸಿನೀರು ಇನ್ನೆರಡು ಚೊಂಬು ಜಾಸ್ತಿ ಹುಯ್ದುಕೊಳ್ಳುತ್ತಿದ್ದೆ. ಅದಕ್ಕೇ ನೀವು ಈಗಲೇ ಕೇಳಿ. ನರ ಉಳಿಸಲು ಆಗುತ್ತದಾ, ಜೋಡಿಸಲು ಆಗುತ್ತದಾ, ಅವರು ಅದನ್ನು ಮಾಡಿದ್ದಾರಾ. ಡಾಕ್ಟರು ಅವಸರದಲ್ಲಿದ್ದರೂ ಕೇಳಿ.

ನಿನಗೊಂದು ಮಾತು. ಒಂದು ರಾತ್ರಿ ನಮ್ಮವರು ಅಲ್ಲಿ ಕೈ ಇಟ್ಟಿದ್ದರಂತೆ. ನನಗೆ ತಿಳಿಯಲಿಲ್ಲ, ಸುಮ್ನೆ ಮಲಗಿದ್ದೆ. ಇವಳಿಗೆ ಇಷ್ಟವಿಲ್ಲ ಅಂದುಕೊಂಡು ಅವರು ಕೈ ತೆಗೆದರು. ಆಮೇಲೆ ತಿಂಗಳುಗಟ್ಟಲೆ ಹತ್ತಿರ ಬರಲಿಲ್ಲ. ನನ್ನನ್ನು ಕಂಡರೆ ಹೇಸಿಗೆ ಇರಬೇಕು ಅಂತ ನಾನು. ಇಬ್ಬರೂ ಬಾಯಿಬಿಡಲು ಎಂಟು ತಿಂಗಳು ಬೇಕಾಯಿತು ನೋಡು. ಈಗ ಹೇಳಿಬಿಡುತ್ತೇನೆ, ಕುತ್ತಿಗೆ ಗೊತ್ತಾಗತ್ತೆ, ಭುಜ ಗೊತ್ತಾಗತ್ತೆ, ಇಲ್ಲಿ ಇಲ್ಲ ಅಂತ.

ಈ ಕಾಗದ ಅವಳಿಗೂ ಓದಿಸು. ಭಾನುವಾರ ಮಂಡ್ಯದಿಂದ ಬೆಳಗಿನ ರೈಲಿಗೇ ಅವಳನ್ನು ಕರೆದುಕೊಂಡು ಬಾ. ಫೋಟೋ ನೋಡಿದರೆ ಏನೂ ತಿಳಿಯುವುದಿಲ್ಲ. ರೂಮಿನ ಬಾಗಿಲು ಹಾಕಿಕೊಂಡು ತೋರಿಸುತ್ತೇನೆ, ಬೇಕಾದರೆ ಮುಟ್ಟಿ ನೋಡಲಿ. ನೀನು ನಮ್ಮವರ ಜೊತೆ ಹೊರಗೆ ಕೂತು ಕಾಫಿ ಕುಡಿ.

ನಿನ್ನ ಗೆಳತಿ,
ಮೈಸೂರು