ವಾರಕ್ಕೊಂದು ಮಾತ್ರೆ

ಪ್ರೀತಿಯ ಶ್ರುತಿ,

ಆಫ್ರಿಕಾಕ್ಕೆ ಹೊರಟ ನಿನ್ನನ್ನು ಬಜ್ಪೆ ವಿಮಾನ ನಿಲ್ದಾಣದಲ್ಲಿ ಬೀಳ್ಕೊಟ್ಟು ಬಂದು ಎರಡು ತಾಸಾಯಿತು. ಮಲೇರಿಯಾ ಮಾತ್ರೆಯ ಬಗ್ಗೆ ನಾನು ಬರೆದು ಇಟ್ಟಿದ್ದ, ನೀನು ಪೆಟ್ಟಿಗೆಯಿಂದ ತೆಗೆದಿಟ್ಟ ಕಾಗದ ಇನ್ನೂ ಮೇಜಿನ ಮೇಲಿದೆ. "ನಿಮ್ಮ ಭಯವನ್ನು ನನ್ನ ಪೆಟ್ಟಿಗೆಗೆ ತುಂಬಬೇಡಿ ಅಪ್ಪ" ಎಂದೆ. ನಾನು ಧ್ವನಿ ಏರಿಸಿದ್ದು ತಪ್ಪು. ಕಾಗದದಲ್ಲಿ ಬರೆದದ್ದು ತಪ್ಪಲ್ಲ.

ನೀನು ಕಂಡ ನನ್ನ ನಿದ್ದೆಗೆಟ್ಟ ರಾತ್ರಿಗಳ ಮಾತು ಬೇಡ. ನಿನಗೆ ನೆನಪಿರಲಾರದ ಒಂದು ಸಂಜೆಯಿದೆ. ಆಗ ನಿನಗೆ ಐದು ವರ್ಷ. ನಾನು ಆಫ್ರಿಕಾದ ಶಾಂತಿಪಾಲನಾ ಕರ್ತವ್ಯ ಮುಗಿಸಿ ಬಂದಿದ್ದೆ. ಮಲೇರಿಯಾ ಬಾರದಂತೆ ಅಲ್ಲಿ ವಾರಕ್ಕೊಂದು ಕೊಡುತ್ತಿದ್ದ ಮೆಫ್ಲೋಕ್ವಿನ್ ಮಾತ್ರೆಯಲ್ಲಿ ಕೊನೆಯದನ್ನು ನುಂಗಿ ತಿಂಗಳ ಮೇಲಾಗಿತ್ತು. ಮಂಗಳೂರಿನ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ಹೋಗುವ ದೋಣಿ ಇನ್ನೂ ದಡ ಬಿಟ್ಟಿರಲಿಲ್ಲ. ನೀರು ನಿಶ್ಚಲ. ನನಗೆ ಮಾತ್ರ ನದಿಯೇ ಮಗುಚಿದಂತಾಯಿತು. ನಿನ್ನನ್ನು ಹಲಗೆಗೆ ಅದುಮಿ ಹಿಡಿದು ಕಿರುಚಿದೆ. ನಿನ್ನ ಮೊಣಕಾಲು ತರಚಿತು. ಯಾರೋ "ಕುಡಿದಿದ್ದಾರೆ" ಎಂದರು. ನೀನು ಅಳುತ್ತಲೇ ಅವರತ್ತ ತಿರುಗಿ, "ನನ್ನ ಅಪ್ಪ ಕುಡಿಯುವುದಿಲ್ಲ" ಎಂದೆ. ದೋಣಿ ನಮ್ಮನ್ನು ಬಿಟ್ಟು ಹೋಯಿತು. ದಡದಲ್ಲಿ ಕುಳಿತು ನಿನ್ನ ಮೊಣಕಾಲು ಒರೆಸಿದೆ. ರಕ್ತ ನಿಂತ ಮೇಲೂ ಒರೆಸುತ್ತಿದ್ದೆ. ಆ ಕಲೆ ಈಗಲೂ ಇದೆಯೇ? ಕೇಳುವ ಧೈರ್ಯವೇ ಬರಲಿಲ್ಲ.

ಕಿವಿಯಲ್ಲಿ ಜೀರುಂಡೆಯ ಸದ್ದು ಅಂದಿನಿಂದ ನಿಂತಿಲ್ಲ. ಈ ಮಾತ್ರೆಯಿಂದ ತಲೆತಿರುಗು, ಕಿವಿಮೊರೆತ ಶಾಶ್ವತವಾಗಿ ಉಳಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಅತ್ಯಂತ ಕಠಿಣ ಎಚ್ಚರಿಕೆ ಹಾಕಿತು. ಸೈನಿಕರಿಗೆ ಇದನ್ನು ಬೇರೆ ದಾರಿಯಿಲ್ಲದಾಗ ಮಾತ್ರ ಕೊಡಬೇಕೆಂದು ಬ್ರಿಟನ್ ಸಂಸತ್ತಿನ ರಕ್ಷಣಾ ಸಮಿತಿ 2016ರಲ್ಲಿ ಹೇಳಿತು. ಅಲ್ಲಿ ಮಾಜಿ ಸೈನಿಕರು ಬಾಯಿಬಿಟ್ಟದ್ದರಿಂದ ಅಷ್ಟಾಯಿತು. ಸೇನೆಗೆ ಬರೆಯುವ ಅರ್ಜಿಗಳಲ್ಲಿ ನಾನು ಹಣ ಕೇಳಿಲ್ಲ ಮಗಳೇ. ಆ ಮಾತ್ರೆ ಕೊಟ್ಟದ್ದನ್ನು ನಮ್ಮ ಆರೋಗ್ಯದ ದಾಖಲೆಯಲ್ಲಿ ಒಂದು ಸಾಲು ಬರೆಯಿರಿ ಎಂದಷ್ಟೇ ಕೇಳುತ್ತಿದ್ದೇನೆ.

ನೀನು ನರ್ಸ್, ಆ ಸಮವಸ್ತ್ರದಲ್ಲಿ ನಿನ್ನನ್ನು ಕಂಡಾಗಲೆಲ್ಲ ನನ್ನ ಎದೆ ತುಂಬುತ್ತದೆ. ಆದರೂ ಹೇಳುತ್ತೇನೆ. ಮಾತ್ರೆ ಬೇಡವೆನ್ನಬೇಡ. ಮಂಗಳೂರಿನ ಮಲೇರಿಯಾ ಜ್ವರ ಕಂಡವರೆಂದು ಧೈರ್ಯ ಬೇಡ. ಅಲ್ಲಿಯದು ಹೆಚ್ಚಾಗಿ ಫಾಲ್ಸಿಪಾರಂ ಎಂಬ ಬಗೆಯ ಮಲೇರಿಯಾ, ಪ್ರಾಣ ತೆಗೆಯುವಂಥದ್ದು. ಸೊಳ್ಳೆಪರದೆ ಕಟ್ಟು. ಯಾವ ಮಾತ್ರೆ ಎಂದು ಹೆಸರು ಕೇಳು. ವಾರಕ್ಕೊಂದು ಎಂದರೆ ಮತ್ತೆ ಕೇಳು. ಡಾಕ್ಸಿಸೈಕ್ಲಿನ್‌ನಂಥ ಬೇರೆ ಔಷಧಗಳಿವೆ. ಕೆಟ್ಟ ಕನಸು, ಕಾರಣವಿಲ್ಲದ ಭಯ ಶುರುವಾದರೆ ಅಂದೇ ವೈದ್ಯರ ಬಳಿ ಹೋಗು. ನನ್ನಂತೆ ಸಹಿಸಿಕೊಂಡು ಇರಬೇಡ.

ತಲುಪಿದ ಕೂಡಲೇ ಮಾತ್ರೆಯ ಚೀಟಿಯ ಫೋಟೋ ಕಳುಹಿಸು. ಸಿಟ್ಟಿದ್ದರೆ ಮಾತಾಡಬೇಡ, ಫೋಟೋ ಮಾತ್ರ ಸಾಕು.

ನಿನ್ನ ಅಪ್ಪ