ನಿಶ್ಚಿತಾರ್ಥಕ್ಕೆ ಮೊದಲು ಓದಬೇಕಾದ ಪತ್ರ

ಅಟ್ಲಾಂಟಾ

ಪ್ರೀತಿಯ ಸುಹಾಸನಿಗೆ ಚಿಕ್ಕಮ್ಮನ ಆಶೀರ್ವಾದಗಳು.

ಅಮೆರಿಕದ ಕಪ್ಪು ಲೇಖಕ ಇ. ಲಿನ್ ಹ್ಯಾರಿಸ್‌ನ ‘ಇನ್‌ವಿಸಿಬಲ್ ಲೈಫ್’ ಕಾದಂಬರಿಯ ರೇಮಂಡ್ ಟೈಲರ್ ಥೇಟ್ ನಿನ್ನ ಹಾಗೆಯೇ ಇದ್ದಾನೆ ಎಂದು ಬರೆದಿದ್ದೀಯೆ. ಗಂಡಿನ ಮೇಲೂ ಹೆಣ್ಣಿನ ಮೇಲೂ ಮನಸ್ಸಾಗುವುದು ರೋಗವೇ, ಮದುವೆಯಾದರೆ ನಿಂತುಹೋಗುತ್ತದೆಯೇ ಎಂದು ಕೇಳಿದ್ದೀಯೆ. ರೋಗವಲ್ಲ. ಮದುವೆಯಿಂದ ನಿಲ್ಲುವುದೂ ಇಲ್ಲ. ಇಷ್ಟಕ್ಕೆ ಹೆಚ್ಚು ಶಾಯಿ ಬೇಕಿಲ್ಲ, ಉಳಿದದ್ದಕ್ಕೆ ಬೇಕು.

ಆ ಪುಸ್ತಕ ಹುಟ್ಟಿ ಬೆಳೆದದ್ದು ಈ ಊರಿನಲ್ಲಿ. ಐಬಿಎಂನಂಥ ಕಂಪನಿಗಳಲ್ಲಿ ಕಂಪ್ಯೂಟರ್ ಮಾರುತ್ತಿದ್ದ ಹ್ಯಾರಿಸ್ ಆ ಕೆಲಸ ಬಿಟ್ಟು ಬರೆಯಲು ಕುಳಿತ. ಪ್ರಕಾಶಕರು ಸಿಗದೆ 1991ರಲ್ಲಿ ತಾನೇ ಅಚ್ಚು ಹಾಕಿಸಿ, ಕಪ್ಪು ಹೆಂಗಸರು ಹೋಗುವ ಬ್ಯೂಟಿ ಪಾರ್ಲರ್‌ಗಳಿಗೆ ಕೊಂಡೊಯ್ದು ಕೊಟ್ಟ. 1994ರಲ್ಲಷ್ಟೇ ದೊಡ್ಡ ಪ್ರಕಾಶನ ಸಂಸ್ಥೆ ಅದನ್ನು ಕೈಗೆತ್ತಿಕೊಂಡಿತು. ನಾನು ಗ್ರಂಥಾಲಯದಲ್ಲಿದ್ದ ಕಾಲದಲ್ಲಿ ಅವನ ಪುಸ್ತಕಗಳನ್ನು ಕೇಳಿಕೊಂಡು ಬರುತ್ತಿದ್ದವರು ಹೆಚ್ಚಾಗಿ ಹೆಂಗಸರೇ. ಗಂಡಸರ ಗುಟ್ಟಿನ ಕಥೆಗೆ ಅವರು ಹಾಗೆ ಮುಗಿಬೀಳಲು ಕಾರಣವಿತ್ತು. ಆ ಗುಟ್ಟಿನ ಬೆಲೆ ತೆತ್ತವರಲ್ಲಿ ಅವರೂ ಇದ್ದರು.

ನೀನು ರೇಮಂಡನ ಸಂಕಟಕ್ಕೆ ಮಾತ್ರ ಅಡಿಗೆರೆ ಹಾಕಿದ್ದೀಯೆ. ಕಾಲೇಜಿನಲ್ಲಿ ಗೆಳತಿ ಸೀಲಾ ಇರುವಾಗಲೇ ಫುಟ್‌ಬಾಲ್ ಆಟಗಾರ ಕೆಲ್ವಿನ್ ಬಂದದ್ದು, ನ್ಯೂಯಾರ್ಕಿನಲ್ಲಿ ಒಂದು ಕಡೆ ಹೆಂಡತಿ ಮಕ್ಕಳಿರುವ ಕ್ವಿನ್, ಇನ್ನೊಂದು ಕಡೆ ನಟಿ ನಿಕೋಲ್. ಕ್ಯಾಂಡನ್ಸ್‌ಳ ಹೆಸರು ನಿನ್ನ ಪತ್ರದಲ್ಲಿ ಎಲ್ಲೂ ಇಲ್ಲ. ನಿಕೋಲ್‌ಳ ಆ ಸ್ನೇಹಿತೆ ಕೆಲ್ವಿನ್‌ನನ್ನು ನಂಬಿ ಮದುವೆಗೆ ಒಪ್ಪಿದವಳು, ಏಡ್ಸ್‌ನಿಂದ ಸಾಯುತ್ತಾಳೆ. ಇಲ್ಲಿ ಹ್ಯಾರಿಸ್‌ನೊಂದಿಗೆ ನನಗೆ ಜಗಳವಿದೆ. ಇಬ್ಬರನ್ನೂ ಬಯಸುವ ಗಂಡಸೆಂದರೆ ಮನೆಗೆ ರೋಗ ತರುವವನು ಎಂಬ ಭಯಕ್ಕೆ ಆ ಸಾವು ನೀರೆರೆಯಿತು. ಮುಂದೆ 2000ದ ನಂತರ ಇಲ್ಲಿಯ ಪತ್ರಿಕೆ, ಟಿವಿಗಳು ‘ಡೌನ್ ಲೋ’ (ಹೆಂಡತಿ, ಗೆಳತಿಗೆ ಗೊತ್ತಾಗದಂತೆ ಗಂಡಸರ ಸಂಗ ಮಾಡುವುದು) ಎಂದು ಬೊಬ್ಬೆ ಹಾಕಿ ಕಪ್ಪು ಗಂಡಸರನ್ನು ಕಟಕಟೆಗೆ ಹತ್ತಿಸಿದವು, ಬಿಳಿಯರ ಮನೆಗಳಲ್ಲಿ ಇಂಥ ಗುಟ್ಟುಗಳೇ ಇಲ್ಲವೇನೋ ಎಂಬಂತೆ. ಇಷ್ಟೆಲ್ಲ ಗೊತ್ತಿದ್ದೂ ಹೇಳುತ್ತೇನೆ, ಕ್ಯಾಂಡನ್ಸ್‌ಳನ್ನು ಮರೆಯಬೇಡ. ಅವಳಿಗೆ ಆರಿಸಿಕೊಳ್ಳುವ ಅವಕಾಶವನ್ನೇ ಯಾರೂ ಕೊಟ್ಟಿರಲಿಲ್ಲ.

ರೇಮಂಡನ ಭಾರವನ್ನೆಲ್ಲ ನಿನ್ನ ಹೆಗಲಿಗೆ ಎಳೆದುಕೊಳ್ಳಲೂ ಬೇಡ. ಕಪ್ಪು ಗಂಡಸಿನ ಮೈಯನ್ನು ಈ ದೇಶ ಮೊದಲು ಹರಾಜು ಹಾಕಿತು, ಆಮೇಲೆ ಬಿಳಿ ಹೆಣ್ಣಿನ ಮಾನದ ಹೆಸರು ಹೇಳಿ ಮರಕ್ಕೆ ನೇತುಹಾಕಿತು. ಅಂಥವರ ಮೊಮ್ಮಕ್ಕಳಿಗೆ ಗಂಡಸುತನವೆಂದರೆ ಹೋರಾಡಿ ಪಡೆದ ಮರ್ಯಾದೆ. ಓಟಿನ ಹಕ್ಕಿಗಾಗಿ ಅವರು ಒಟ್ಟು ಸೇರಿದ್ದು ಚರ್ಚಿನಲ್ಲಿ. ನೀನು ಪಾಪಿ ಎಂಬ ಮಾತು ಕೇಳಿಬರುವುದೂ ಅನೇಕ ಸಲ ಅಲ್ಲಿಂದಲೇ. ಶಿವಮೊಗ್ಗದಲ್ಲಿ ಸ್ವಂತ ಮನೆ, ಬೆನ್ನಿಗೆ ಜಾತಿಯ ಬಲ, ಬೆಂಗಳೂರಿನಲ್ಲಿ ಸಂಬಳ ಇರುವ ನಿನ್ನ ಕಷ್ಟ ಬೇರೆ ಬಗೆಯದು. ಸಣ್ಣದು ಎನ್ನುತ್ತಿಲ್ಲ. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ನೀನು ಅಪರಾಧಿಯಲ್ಲ ಎಂದಿತು. ನಿನ್ನ ಸೋದರತ್ತೆಯರ ಕೋರ್ಟು ಇನ್ನೂ ಕಲಾಪ ಮುಗಿಸಿಲ್ಲ.

ಇಲ್ಲಿಯ ಇನ್ನೊಬ್ಬ ಕಪ್ಪು ಲೇಖಕ ಜೇಮ್ಸ್ ಬಾಲ್ಡ್‌ವಿನ್‌ನನ್ನು ಓದು. 1962ರ ‘ಅನದರ್ ಕಂಟ್ರಿ’ಯಲ್ಲಿ ರೂಫಸ್ ಎಂಬ ಕಪ್ಪು ಜಾಝ್ ಡ್ರಮ್ ವಾದಕನಿದ್ದಾನೆ. ತನ್ನನ್ನು ಪ್ರೀತಿಸಿದ ಬಿಳಿಯ ಎರಿಕ್‌ನನ್ನು ಹೀಯಾಳಿಸಿದ, ಬಿಳಿಯ ಲಿಯೋನಾಳನ್ನು ಹೊಡೆದು ಹಾಳುಮಾಡಿದ, ಕಾದಂಬರಿ ಮೊದಲ ಭಾಗ ದಾಟುವ ಮೊದಲೇ ಸೇತುವೆಯಿಂದ ಹಾರಿದ. ಗಂಡಿನ ಮೇಲಿನ ಪ್ರೀತಿಯೇ ಅವನನ್ನು ಕೊಂದಿತು ಎಂದು ಓದಿಕೊಳ್ಳಬೇಡ. ಬೀದಿಯುದ್ದಕ್ಕೂ ತನ್ನ ಬಣ್ಣವನ್ನು ಇರಿಯುವ ಕಣ್ಣುಗಳ ನಡುವೆ ಯಾರ ಪ್ರೀತಿಯನ್ನೂ ನಂಬಲಾರದೆ ಹೋದವನು ಅವನು. 1968ರ ‘ಟೆಲ್ ಮಿ ಹೌ ಲಾಂಗ್ ದ ಟ್ರೈನ್ಸ್ ಬೀನ್ ಗಾನ್’ ಕಾದಂಬರಿಯ ನಟ ಲಿಯೋ ಬೇರೆಯೇ ಮನುಷ್ಯ. ಬಾರ್ಬರಾಳನ್ನೂ ಪ್ರೀತಿಸುತ್ತಾನೆ, ತನಗಿಂತ ಕಿರಿಯ ಕ್ರಿಸ್ಟೋಫರ್‌ನನ್ನೂ ಪ್ರೀತಿಸುತ್ತಾನೆ. ಅದಕ್ಕಾಗಿ ಓದುಗರ ಕ್ಷಮೆ ಕೇಳುವುದಿಲ್ಲ. ವಿಮರ್ಶಕರಲ್ಲಿ ಅನೇಕರಿಗೆ ಅದು ಹಿಡಿಸಲಿಲ್ಲ. ಮಾತು ಹೆಚ್ಚಾಯಿತು ಎನಿಸಿದರೂ ನನಗೆ ಇಷ್ಟ.

ಇದೆಲ್ಲ ಈಚಿನ ಗೀಳು ಎಂದು ಯಾರಾದರೂ ಹೇಳಿದರೆ 1926ರ ಹಾರ್ಲೆಮ್, ಅಂದರೆ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ, ನೆನಪಿಸು. ಒಂದೇ ಸಂಚಿಕೆ ಕಂಡ ‘ಫೈರ್’ ಪತ್ರಿಕೆಯಲ್ಲಿ ಇಪ್ಪತ್ತು ವರ್ಷದ ರಿಚರ್ಡ್ ಬ್ರೂಸ್ ನ್ಯೂಜೆಂಟ್ ಬರೆದ ಕಥೆಯಲ್ಲಿ ಅಲೆಕ್ಸ್ ಎಂಬ ಹುಡುಗ ಒಬ್ಬ ಗಂಡಸನ್ನೂ ಮೆಲ್ವಾಳನ್ನೂ ಒಟ್ಟಿಗೆ ಪ್ರೀತಿಸುತ್ತಾನೆ. ಇಬ್ಬರನ್ನು ಪ್ರೀತಿಸಬಹುದು ಎಂದು ಮೆಲ್ಲಗೆ ತಾನೇ ಒಪ್ಪಿಕೊಳ್ಳುತ್ತಾನೆ. ಅಷ್ಟು ಧೈರ್ಯದ ಕಥೆಗೆ ಲೇಖಕ ‘ರಿಚರ್ಡ್ ಬ್ರೂಸ್’ ಎಂದಷ್ಟೇ ಸಹಿ ಹಾಕಿದ. ಮನೆತನದ ಹೆಸರು ಹಾಕಲಿಲ್ಲ. ಮನೆಯವರನ್ನು ಕಾಯುವ ಆ ಸಂಕೋಚ ನಿನಗೆ ಅರ್ಥವಾದೀತು.

ಈಗ ನಿನಗೆ ಗೊತ್ತುಮಾಡುತ್ತಿರುವ ತೀರ್ಥಹಳ್ಳಿಯ ಹುಡುಗಿಯ ವಿಷಯ. ನಿಶ್ಚಿತಾರ್ಥಕ್ಕೆ ಮೊದಲು ಅವಳಿಗೆ ಹೇಳು. ಅವಳಿಗೊಬ್ಬಳಿಗೇ, ಎದುರು ಕುಳಿತು, ಸುತ್ತಿ ಬಳಸದೆ. ಬೇಡ ಎಂದರೆ ನೀನೇ ಒಪ್ಪಲಿಲ್ಲವೆಂದು ಎರಡೂ ಮನೆಯಲ್ಲಿ ಹೇಳಿ ಬೈಗುಳವನ್ನು ನೀನು ತಿನ್ನು. ಒಪ್ಪಿದರೆ, ಎಲ್ಲ ಗಂಡಂದಿರಿಂದ ನಿರೀಕ್ಷಿಸುವ ನಿಷ್ಠೆಯೇ ನಿನ್ನಿಂದಲೂ. ಇಬ್ಬರ ಮೇಲೆ ಮನಸ್ಸಾಗುತ್ತದೆ ಎಂಬುದು ಇಬ್ಬರೊಂದಿಗೆ ಬದುಕುವ ಪರವಾನಗಿಯಲ್ಲ. ರೂಮ್‌ಮೇಟ್ ಎಂದು ನೀನು ನಿನ್ನ ಅಪ್ಪ-ಅಮ್ಮನಿಗೆ ಪರಿಚಯಿಸಿದ ಆ ಹುಡುಗನೂ ಮನುಷ್ಯನೇ. ಮದುವೆಯ ಕರೆಯೋಲೆ ನೋಡಿ ಅವನಿಗೆ ವಿಷಯ ತಿಳಿಯುವಂತಾಗಬಾರದು. ಈ ಮೂವರನ್ನು ಬಿಟ್ಟು ಬೇರೆ ಯಾರಿಗೂ ನೀನು ವಿವರಣೆ ಕೊಡಬೇಕಾಗಿಲ್ಲ, ಮೂರನೆಯವನು ನೀನೇ.

ಅಕ್ಕನಿಗೆ ನಾನು ಏನೂ ಹೇಳಿಲ್ಲ, ಹೇಳುವುದೂ ಇಲ್ಲ. ನೀನು ಹೇಳುವ ದಿನ ಫೋನಿನಲ್ಲಿ ನಾನೂ ಇರಬೇಕೆನಿಸಿದರೆ ತಿಳಿಸು. ಮೊದಲು ಅಳುತ್ತಾಳೆ, ಆಮೇಲೆ ಅಮೆರಿಕದ ಪುಸ್ತಕ ಕಳಿಸಿ ಹುಡುಗನನ್ನು ಕೆಡಿಸಿದೆ ಎಂದು ನನ್ನನ್ನು ಬೈಯುತ್ತಾಳೆ. ಬೈಯಲಿ. 1968ರ ಕಾದಂಬರಿಯನ್ನು ಅಂಚೆಗೆ ಹಾಕಿದ್ದೇನೆ, ನಿನ್ನ ಕಚೇರಿಯ ವಿಳಾಸಕ್ಕೆ.

ನಿನ್ನ ಚಿಕ್ಕಮ್ಮ